ಬಿಡೇ ಮಿಶ್ಕಾ, ನಂದು!

ಗಿಲೆನ್ ದೆಲ್ಪ್ಲಾಸ್ ನಮ್ಮೂರ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಬರುತ್ತಾಳೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಶಾಲೆಯ ಅಡುಗೆಮನೆಯಲ್ಲಿ. ನೂರಾ ಎಂಬತ್ತು ಮಕ್ಕಳ ಊಟಕ್ಕೆ ಈರುಳ್ಳಿ ಹುರಿಯುತ್ತಿದ್ದೆ. ಕ್ಲಬ್ಬಿನ ಅಧ್ಯಕ್ಷ ವೆರ್ಮೇರ್ಶ್ ಹಿಂಬಾಗಿಲಿನಿಂದ ಒಳಗೆ ಬಂದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆ ಮನುಷ್ಯ ಟೋಪಿ ತೆಗೆದರೆ ಏನೋ ಕೇಳಲು ಬಂದಿದ್ದಾನೆ ಎಂದೇ ಅರ್ಥ.

“ಒದಿಲ್, ಸ್ವಲ್ಪ ಕೂತ್ಕೊಂಡು ಕೇಳಮ್ಮ.”

“ಕೂತ್ರೆ ಈರುಳ್ಳಿ ಸೀದು ಹೋಗುತ್ತೆ. ನಿಂತೇ ಕೇಳ್ತೀನಿ, ಹೇಳಿ.”

“ದೆಲ್ಪ್ಲಾಸ್ ಒಪ್ಕೊಂಡಿದ್ದಾಳೆ. ಮುಂದಿನ ತಿಂಗಳಿಂದ ಅವಳೇ ನಮ್ಮ ಕೋಚ್. ನೀನು ಅವಳ ಜೊತೆಗೆ ಇರ್ಬೇಕು. ಹಳೇದೆಲ್ಲ ಮನಸ್ಸಲ್ಲಿ ಇಟ್ಕೊಂಡು ಮುಖ ಊದಿಸ್ಕೊಂಡು ಕೂರಬೇಡ.”

“ಅವಳ ಹತ್ರ ನನಗೇನಿದೆ ಹಳೇದು? ಗೋಲ್ ಹೊಡೆಯೋದು ಅವಳ ಕೆಲಸ, ಹೊಡೆದಳು. ನನ್ನ ಹಳೇದೆಲ್ಲ ಇರೋದು ನಮ್ಮ ಬೀದೀಲೇ, ಆರು ಮನೆ ಆಚೆ.”

ವೆರ್ಮೇರ್ಶ್ ಟೋಪಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದ. ಆರು ಮನೆ ಆಚೆ ಯಾರಿದ್ದಾರೆ ಎಂದು ನಮ್ಮೂರು ಆರ್ಲಾಂಕೂರಿಗೆಲ್ಲ ಗೊತ್ತು. ನನ್ನ ಅಕ್ಕ ಜೋಸಿಯಾನ್. ಅವಳೂ ನಾನೂ ಮಾತು ಬಿಟ್ಟು ಆಗ ಇಪ್ಪತ್ತೇಳು ವರ್ಷವಾಗಿತ್ತು.

ಹೇಳಿದರೆ ನಗುತ್ತೀರಿ. ಆಸ್ತಿಗಲ್ಲ, ಗಂಡಿಗಲ್ಲ. ಒಂದು ಗೋಲಿಗಾಗಿ ಬಿಟ್ಟದ್ದು.

ತೊಂಬತ್ತೆರಡನೇ ಇಸವಿ. ನಮ್ಮ ಕಡೆಯ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿ ಎರಡು ವರ್ಷವಾಗಿತ್ತು. ಗಂಡಸರಿಗೆ ಮಾಡಲು ಕೆಲಸವಿರಲಿಲ್ಲ, ಹಾಗಾಗಿ ಹೆಂಗಸರ ಆಟ ನೋಡಲೂ ಬರತೊಡಗಿದ್ದರು. ನಾನು ಹಿಂದಿನ ಸಾಲಿನ ಡಿಫೆಂಡರ್, ಜೋಸಿ ಗೋಲ್‌ಕೀಪರ್. ಎದುರಿಗೆ ಪಕ್ಕದೂರು ಮಾರ್ಕೆನ್. ಗೆದ್ದವರಿಗೆ ರಾಷ್ಟ್ರೀಯ ಲೀಗು, ಸೋತವರಿಗೆ ಮತ್ತೊಂದು ವರ್ಷ ಅದೇ ಹಳೇ ಮೈದಾನಗಳು. ಆ ದಿನ ದೇಶದ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವ ಮನುಷ್ಯನೊಬ್ಬ ಪ್ಯಾರಿಸಿನಿಂದ ಬಂದು ಗೆರೆಯ ಪಕ್ಕ ನಿಂತಿದ್ದ. ಅವನು ಬಂದದ್ದು ಮಾರ್ಕೆನ್‌ನ ಫಾರ್ವರ್ಡ್ ಗಿಲೆನ್‌ಳನ್ನು ನೋಡಲು ಅಲ್ಲ, ನಮ್ಮ ಜೋಸಿಯನ್ನು ನೋಡಲು. ಅಷ್ಟು ಒಳ್ಳೆಯ ಕೀಪರ್ ಅವಳು.

ಎಂಬತ್ತಮೂರನೇ ನಿಮಿಷದವರೆಗೆ ಎರಡೂ ಕಡೆ ಸೊನ್ನೆ. ಆಗ ಮಾರ್ಕೆನ್‌ನವರು ಉದ್ದಕ್ಕೆ ಒಂದು ಚೆಂಡು ಬಿಟ್ಟರು. ಅದು ಒಂದು ಸಲ ಪುಟಿದು ನೇರ ನನ್ನ ಬಲಗಾಲಿಗೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ಆಚೆಗೆ ಒದೆಯಬಹುದಾದ ಚೆಂಡು. ಕಾಲೆತ್ತಿದೆ. ಬೆನ್ನ ಹಿಂದಿನಿಂದ ಕೂಗು ಕೇಳಿಸಿತು.

“ಬಿಡೇ ಮಿಶ್ಕಾ, ನಂದು!”

ಬಿಟ್ಟೆ. ಕೀಪರ್ ನಂದು ಎಂದರೆ ಬಿಡಲೇಬೇಕು, ಅದು ಆಟದ ಮೊದಲ ಪಾಠ. ಚೆಂಡು ನನ್ನನ್ನು ದಾಟಿ ಹೋಯಿತು. ತಿರುಗಿ ನೋಡಿದರೆ ಜೋಸಿ ತನ್ನ ಗೋಲಿನ ಗೆರೆಯ ಮೇಲೇ ಇದ್ದಳು. ನಮ್ಮಿಬ್ಬರ ನಡುವಿನ ಖಾಲಿ ಜಾಗದಲ್ಲಿ ಗಿಲೆನ್ ನುಗ್ಗಿ, ಮಗುವಿಗೆ ತುತ್ತು ಕೊಡುವಷ್ಟು ಮೆತ್ತಗೆ ಚೆಂಡನ್ನು ಒಳಗೆ ತಳ್ಳಿದಳು.

ಮಿಶ್ಕಾ ಎಂದರೆ ನಮ್ಮ ಅಮ್ಮನ ಭಾಷೆಯಲ್ಲಿ ಇಲಿಮರಿ. ಅಮ್ಮ ಪೋಲಿಷ್ ಗಣಿಗಾರನ ಮಗಳು. ಚಿಕ್ಕಂದಿನಲ್ಲಿ ನಾನು ಕಪಾಟಿನಿಂದ ಚೀಸು ಕದಿಯುತ್ತಿದ್ದೆನೆಂದು ಆ ಹೆಸರು. ಮನೆಯ ಹೊರಗೆ ಯಾರೂ ನನ್ನನ್ನು ಹಾಗೆ ಕರೆಯುತ್ತಿರಲಿಲ್ಲ. ಮೈದಾನದಲ್ಲಿ ಕರೆಯುತ್ತಿದ್ದವಳು ಜೋಸಿ ಒಬ್ಬಳೇ, ಅದೂ ಅವಸರದಲ್ಲಿ ಬಾಯಿ ತಪ್ಪಿದಾಗ.

ಆಟ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ.

“ಕೂಗಿದ ಮೇಲೆ ಯಾಕೆ ಬರ್ಲಿಲ್ಲ?”

“ನಾನೆಲ್ಲಿ ಕೂಗ್ದೆ?”

“ಜೋಸಿ, ಸುಳ್ಳು ಹೇಳ್ಬೇಡ. ಮಿಶ್ಕಾ ಅಂದೆ. ನನ್ನ ಕಿವೀಲಿ ಇನ್ನೂ ಇದೆ.”

“ನಾನು ಬಾಯೇ ತೆಗೀಲಿಲ್ಲ ಒದಿಲ್. ಅಮ್ಮನಾಣೆ.”

“ಪ್ಯಾರಿಸಿನೋನ ಮುಂದೆ ನಿನ್ನ ಮಾನ ಉಳಿಸ್ಕೊಳ್ಳೋಕೆ ನನ್ನ ತಲೆ ಮೇಲೆ ಹಾಕ್ತಿದ್ದೀಯಾ?”

ಉಳಿದ ಹುಡುಗಿಯರೂ ಕೂಗು ಕೇಳಿಸಿಕೊಂಡಿದ್ದರು. ಜೋಸಿಯದೇ ದನಿ ಎಂದರು. ಹತ್ತು ಜನ ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಅವಳು ಕೈಗವಸು ತೆಗೆದು ಬೆಂಚಿನ ಮೇಲಿಟ್ಟು, ಬೂಟಿನಲ್ಲೇ ಮನೆಗೆ ನಡೆದು ಹೋದಳು. ಮತ್ತೆ ಯಾವತ್ತೂ ಆಡಲಿಲ್ಲ. ಊರು ಅವಳನ್ನು ಬಿಡಲಿಲ್ಲ. ಬೇಕರಿಯಲ್ಲಿ ಕೊನೆಯ ಬ್ರೆಡ್ಡಿಗೆ ಕೈ ಹಾಕಿದರೆ ಯಾರಾದರೂ ಹಿಂದಿನಿಂದ “ಬಿಡೇ, ನಂದು!” ಎನ್ನುತ್ತಿದ್ದರು. ಒಮ್ಮೆ ಹಾಗೆ ಅಂದಾಗ ನಾನೂ ಸಾಲಿನಲ್ಲಿದ್ದೆ. ಎಲ್ಲರ ಜೊತೆ ನಾನೂ ನಕ್ಕೆ. ಅವಳು ನೋಡಿದಳು.

ಅಂದಿನಿಂದ ಎರಡು ಮನೆಗಳ ನಡುವೆ ಟಪಾಲಿನ ಕೆಲಸ ಭಾವ ಎಮಿಲ್‌ನದು. ಪಾರಿವಾಳ ಸಾಕುವವನು, ಮಾತು ಕಡಿಮೆ. ಕ್ರಿಸ್‌ಮಸ್ಸಿಗೆ ಆ ಮನೆಯ ಗಸಗಸೆ ಕೇಕು ಈ ಮನೆಗೆ, ಈ ಮನೆಯ ಸಕ್ಕರೆ ಹೋಳಿಗೆಯಂಥ ಟಾರ್ಟು ಆ ಮನೆಗೆ. ಅಮ್ಮ ಸತ್ತಾಗ ಅಕ್ಕತಂಗಿಯರು ಗುಂಡಿಯ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ನಿಂತು ಮಣ್ಣು ಹಾಕಿದೆವು.

ಗಿಲೆನ್‌ಳ ಬದುಕು ಹೊರಟದ್ದು ಆ ಗೋಲಿನಿಂದ. ಪ್ಯಾರಿಸಿನವನು ಕೀಪರನ್ನು ನೋಡಲು ಬಂದು ಫಾರ್ವರ್ಡನ್ನು ಕರೆದುಕೊಂಡು ಹೋದ. ನನಗೆ ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಅವಳು ನಮ್ಮ ಮನೆಯ ಹುಡುಗಿಯಂತೆಯೇ ಇದ್ದವಳು. ತಾಯಿಯಿಲ್ಲದವಳು. ಜಿಲ್ಲಾ ತಂಡದಲ್ಲಿ ನಾವು ಮೂವರೂ ಒಟ್ಟಿಗೆ ಆಡುತ್ತಿದ್ದೆವು, ಬಸ್ಸು ನಮ್ಮೂರಿನಿಂದಲೇ ಹೊರಡುತ್ತಿತ್ತು. ಶನಿವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ಅಮ್ಮನ ಮೇಜಿನಲ್ಲಿ ಬೀಟ್‌ರೂಟ್ ಸಾರು ಕುಡಿದು, ಇನ್ನೊಂದು ಬಟ್ಟಲು ಕೇಳಲು ನಾಚಿಕೊಂಡು, ಅಮ್ಮ ಕೇಳದೆಯೇ ಹಾಕಿದಾಗ ಕೆಂಪಾಗುತ್ತಿದ್ದಳು.

ಪೇಪರಿನಲ್ಲಿ ಅವಳ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ದೇಶಕ್ಕಾಗಿ ಒಂಬತ್ತು ವರ್ಷ, ಮೂವತ್ತೊಂದು ಗೋಲು. ವಾರದಲ್ಲಿ ಐದು ದಿನ ಅಂಚೆಯಲ್ಲಿ ಬಟ್ಟೆ ಮಾರುವ ಕಂಪನಿಯ ಗೋದಾಮಿನಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ನಾರ್ವೆಗೆ, ಇಟಲಿಗೆ ಆಡಲು ಹೋಗಬೇಕೆಂದರೆ ಸಂಬಳವಿಲ್ಲದ ರಜೆ, ಜೊತೆಗೆ ಮೇಸ್ತ್ರಿಯ ಗೊಣಗಾಟ. ಮೂವತ್ತೊಂದನೇ ವಯಸ್ಸಿಗೆ ಮೊಣಕಾಲು ಹೋಯಿತು. ಕೋಚಿಂಗ್ ತರಬೇತಿಗೆ ಸೇರಿದಳು. ಮೂವತ್ತು ಜನ ಗಂಡಸರು, ಇವಳೊಬ್ಬಳು. ಮೊದಲ ದಿನ ಕೋಣೆಯೊಳಗೆ ಕಾಲಿಟ್ಟಾಗ ಒಬ್ಬ ಇವಳ ಕಡೆ ತಿರುಗಿ “ನನಗೆ ಹಾಲು ಬೇಡ” ಎಂದನಂತೆ. ಕಾಫಿ ಕೊಡಲು ಬಂದವಳು ಎಂದುಕೊಂಡಿದ್ದ.

ಆಮೇಲೆ ಮ್ಯಾನೇಜರ್. ನಾರ್ಮಂಡಿಯಲ್ಲಿ ಆರು ವರ್ಷ, ಆಲ್ಪ್ಸ್ ಬುಡದ ಊರೊಂದರಲ್ಲಿ ನಾಲ್ಕು, ದಕ್ಷಿಣದ ದೊಡ್ಡ ಕ್ಲಬ್ಬಿನಲ್ಲಿ ಮೂರು. ಅಲ್ಲಿ ಕಪ್ ಫೈನಲ್ ತಲುಪಿ ಪೆನಾಲ್ಟಿಯಲ್ಲಿ ಸೋತಳು. ಎರಡು ತಿಂಗಳಾದ ಮೇಲೆ ಅವಳು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ಫೋನು ಮಾಡಿ ಕೆಲಸದಿಂದ ತೆಗೆದರು. ಆಡುವಾಗ ಎಂಬತ್ತೊಂಬತ್ತು ನಿಮಿಷ ಎಡವಿದರೂ ಒಂದು ನಿಮಿಷಕ್ಕಾಗಿ ಹೆಗಲ ಮೇಲೆ ಹೊತ್ತು ಕುಣಿದವರಿದ್ದರು. ಮ್ಯಾನೇಜರ್ ಆದ ಮೇಲೆ ಲೆಕ್ಕ ಉಲ್ಟಾ. ಎಂಬತ್ತೊಂಬತ್ತು ನಿಮಿಷ ಸರಿಯಿದ್ದು ಒಂದು ನಿಮಿಷ ತಪ್ಪಿದರೆ ಸೂಟ್‌ಕೇಸು ಕೈಗೆ ಬರುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಅವಳ ಬಗ್ಗೆ ಕನಿಕರ ಬರುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಪೇಪರಿನವರು ಅವಳನ್ನು ಯಾವಾಗಲೂ ಹೊಗಳುತ್ತಿದ್ದರು. ಅವಳ ತಂಡಗಳಲ್ಲಿ ಯಾರೂ “ಬಿಡು” ಎಂದು ಕೂಗುವಂತಿಲ್ಲ. ಬರೀ “ಬಿಡು” ಎಂದು ಕೂಗಿ ಎದುರಾಳಿಗೆ ಮೋಸ ಮಾಡಿದರೆ ರೆಫರಿ ಸೀಟಿ ಊದುತ್ತಾನೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಇವಳ ಪಟ್ಟು ಅದಕ್ಕಿಂತ ಬಿಗಿ. ಚೆಂಡು ಬೇಕಾದವಳು ತನ್ನ ಹೆಸರನ್ನೇ ಕೂಗಬೇಕು, ಬೇರೆ ಒಂದು ಮಾತೂ ಇಲ್ಲ. ಮರೆತವಳು ಮೈದಾನಕ್ಕೆ ಎರಡು ಸುತ್ತು ಓಡಬೇಕು. ದೆಲ್ಪ್ಲಾಸ್ ಪದ್ಧತಿ ಎಂದು ಅದಕ್ಕೆ ಹೆಸರೂ ಬಿದ್ದಿತ್ತು. ನನ್ನ ಡಬ್ಬಿಯಲ್ಲಿ ಅದರ ಬಗ್ಗೆಯೇ ನಾಲ್ಕು ಚೂರುಗಳಿವೆ. ನಾಲ್ಕನ್ನೂ ಓದಿದ್ದೆ. ತಲೆಯಲ್ಲಿ ಒಂದು ದೀಪವೂ ಹತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳು ಬಂದಳು. ಕೂದಲು ಬೆಳ್ಳಗೆ, ಕುಂಟು ಸ್ವಲ್ಪ ಜಾಸ್ತಿ, ಗಂಟಲು ಅದೇ ಖಣಖಣ.

“ಏನೇ ಒದಿಲ್, ನೀನಿನ್ನೂ ಬದುಕಿದ್ದೀಯಾ?” ಎಂದು ಎರಡು ಕೆನ್ನೆಗೂ ಮುತ್ತಿಟ್ಟಳು.

“ನಿನ್ನ ಸೂಟ್‌ಕೇಸ್ ಹೊರೋಕೆ ಯಾರಾದ್ರೂ ಬೇಕಲ್ಲ.”

“ಈ ಸಲ ಪೂರ್ತಿ ಬಿಚ್ಚಿಟ್ಟಿದ್ದೀನಿ ಕಣೇ. ಇನ್ನೆಲ್ಲಿಗೆ ಹೋಗ್ಲಿ?” ಸ್ವಲ್ಪ ತಡೆದು ಕೇಳಿದಳು. “ಜೋಸಿ ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ,” ಎಂದೆ. ಎಮಿಲ್ ಹೇಳಿದ ಮಟ್ಟಿಗೆ ಅದು ನಿಜವೇ.

ನಮ್ಮದು ಈಗ ಮೂರನೇ ದರ್ಜೆಯ ತಂಡ. ಒಬ್ಬಳು ಆಸ್ಪತ್ರೆಯಲ್ಲಿ ನರ್ಸು, ಇಬ್ಬರು ಸೂಪರ್ ಮಾರ್ಕೆಟ್ಟಿನಲ್ಲಿ, ಉಳಿದವರು ಓದುವವರು. ಗಿಲೆನ್ ದಕ್ಷಿಣದ ದೊಡ್ಡ ಕ್ಲಬ್ಬಿನ ಹುಡುಗಿಯರಿಗೆ ಹೇಗೆ ಕಲಿಸುತ್ತಿದ್ದಳೋ ಇವರಿಗೂ ಹಾಗೇ ಕಲಿಸಿದಳು. ಬೈಯುತ್ತಿದ್ದಳು, ಆದರೆ ಒಬ್ಬಳ ತಪ್ಪನ್ನು ಇನ್ನೊಬ್ಬಳ ಮುಂದೆ ಎತ್ತುತ್ತಿರಲಿಲ್ಲ. ನಾನು ಜೆರ್ಸಿ ಒಗೆದು, ಕಿತ್ತಳೆ ಹೆಚ್ಚಿ, ರೆಫರಿಗೆ ಕೊಡುವ ಹೆಸರಿನ ಪಟ್ಟಿ ಬರೆದು, ಮೊಣಕಾಲಿಗೆ ಪಟ್ಟಿ ಕಟ್ಟುತ್ತಿದ್ದೆ. ಸಂತೋಷವಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ನವೆಂಬರಿನ ಒಂದು ಮಂಗಳವಾರ ಸಂಜೆ ಅಭ್ಯಾಸದಲ್ಲಿ ನಮ್ಮ ಕೀಪರ್ ಲೋವಾನ್ ಚೆಂಡಿಗೆ ಹಾರುತ್ತಾ “ಬಿಡೇ!” ಎಂದಳು. ಹತ್ತೊಂಬತ್ತರ ಹುಡುಗಿ, ಬಾಯಿ ಜೋರು. ಗಿಲೆನ್ ಸೀಟಿ ಊದಿದಳು.

“ಯಾರದು?”

“ನಂದೇ ಕೋಚ್. ನನ್ನ ದನಿ ಎಲ್ರಿಗೂ ಗೊತ್ತಲ್ಲ. ಕತ್ತೆ ಕಿರುಚಿದ ಹಾಗಿದೆ ಅಂತ ನೀವೇ ಹೇಳ್ತೀರ.”

“ದನಿ ಗೊತ್ತಾ? ಸರಿ. ಎಲ್ಲ ಕಣ್ಣು ಮುಚ್ಚಿ. ನೀನೂ ಮುಚ್ಚೇ ಲೋವಾನ್, ಬಾಯಿ ಕೂಡ. ಹಿಂದಿನಿಂದ ಕೂಗು ಬರುತ್ತೆ. ಲೋವಾನ್ ಕೂಗಿದ್ದು ಅನ್ಸಿದ್ರೆ ಕೈ ಎತ್ತಿ.”

ಹುಡುಗಿಯರು ಕಣ್ಣು ಮುಚ್ಚಿ ನಿಂತರು. ನಾನು ಚೆಂಡಿನ ಚೀಲ ಹಿಡಿದು ಗೆರೆಯ ಪಕ್ಕದಲ್ಲಿದ್ದೆ, ಕಣ್ಣು ತೆರೆದೇ ಇದ್ದೆ. ಗಿಲೆನ್ ಕುಂಟುತ್ತಾ ಅವರ ಹಿಂದೆ ಹೋಗಿ, ಕತ್ತು ಸ್ವಲ್ಪ ಓರೆ ಮಾಡಿ, “ಬಿಡೇ!” ಎಂದಳು.

ಲೋವಾನ್‌ಳ ದನಿಯೇ. ಅದೇ ಒಡಕು, ಕೊನೆಯ ಏಕಾರದ ಅದೇ ಎಳೆತ. ಹದಿನಾರು ಕೈಗಳು ಮೇಲೆ ಹೋದವು. ಲೋವಾನ್ ಕಣ್ಣು ಬಿಟ್ಟು ತನ್ನ ಗಂಟಲನ್ನೇ ಮುಟ್ಟಿ ನೋಡಿಕೊಂಡಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ನೋಡಿದ್ರಾ? ದನಿ ಯಾರು ಬೇಕಾದ್ರೂ ಕದೀಬಹುದು,” ಎಂದಳು ಗಿಲೆನ್. “ಇನ್ನೊಬ್ಬಳ ಹೆಸರನ್ನ ತನ್ನ ಹೆಸರು ಅಂತ ಕೂಗೋಕೆ ಮಾತ್ರ ಎಂಥಾ ಕಳ್ಳಿಗೂ ಗಂಟಲು ಕಟ್ಟುತ್ತೆ. ಅದಕ್ಕೇ ಹೆಸರು. ಎರಡು ಸುತ್ತು, ಓಡು.”

ನನ್ನ ಕೈಯಿಂದ ಚೀಲ ಜಾರಿತು. ಚೆಂಡುಗಳು ಉರುಳಿಕೊಂಡು ಹೋದವು. ಎತ್ತಿಕೊಳ್ಳಲು ಬಗ್ಗಲಿಲ್ಲ. ಅಮ್ಮನ ಮೇಜಿನ ಬಳಿ ಶನಿವಾರ ಬೆಳಿಗ್ಗೆ ಸಾರು ಕುಡಿಯುತ್ತಿದ್ದ ಹುಡುಗಿ ಕಣ್ಣಿಗೆ ಬಂದಳು. ಅಮ್ಮ ಒಲೆಯ ಮುಂದಿನಿಂದ ಮಿಶ್ಕಾ, ಮಿಶ್ಕಾ ಎಂದು ದಿನಕ್ಕೆ ನೂರು ಸಲ ಕರೆಯುತ್ತಿದ್ದಳು. ಮನೆಯವರಷ್ಟೇ ಅಲ್ಲ, ಆ ಮೇಜಿನಲ್ಲಿ ಕೂತ ಮೂರನೆಯವಳೂ ಅದನ್ನು ಕೇಳಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಭ್ಯಾಸ ಮುಗಿದು ಹುಡುಗಿಯರು ಹೋದ ಮೇಲೆ ಸಾಮಾನು ಕೋಣೆಯಲ್ಲಿ ಅವಳು ಬಾವುಟದ ಕೋಲುಗಳನ್ನು ಜೋಡಿಸುತ್ತಿದ್ದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

“ಗಿಲೆನ್, ಇನ್ನೊಂದು ದನಿ ಮಾಡು.”

“ಯಾರದು?”

“ಬಿಡೇ ಮಿಶ್ಕಾ, ನಂದು ಅನ್ನು.”

ಅವಳು ಕೋಲನ್ನು ಕೆಳಗಿಟ್ಟಳು. ಬೆಚ್ಚಿಬೀಳುತ್ತಾಳೆ, ಇಲ್ಲವೆನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಸುಸ್ತಾದವಳಂತೆ ಚೆಂಡಿನ ಪೆಟ್ಟಿಗೆಯ ಮೇಲೆ ಕೂತಳು.

“ಇಷ್ಟು ವರ್ಷ ಆದ್ಮೇಲೆ ಈಗ ಯಾಕೆ ಒದಿಲ್? ನೀವಿಬ್ಬರೂ ನನ್ನ ಕ್ಷಮಿಸಿದ್ದೀರ ಅಂದ್ಕೊಂಡೇ ಈ ಊರಿಗೆ ಬರೋ ಧೈರ್ಯ ಮಾಡ್ದೆ.”

“ಏನನ್ನ ಕ್ಷಮಿಸೋದು? ನನಗೆ ಗೊತ್ತಾದದ್ದೇ ಈಗ!”

“ಈಗ?” ಅವಳ ಮುಖ ಬಿಳುಚಿತು. “ಜೋಸಿ ನಿನಗೆ ಹೇಳ್ಲಿಲ್ವಾ?”

“ಜೋಸಿಗೆ ಏನು ಗೊತ್ತು?”

“ನಾನು ಅವಳಿಗೆ ಬರೆದಿದ್ದೆನಲ್ಲೇ! ಎರಡು ಸಾವಿರದ ಒಂದರಲ್ಲಿ. ಕೋಚಿಂಗ್ ತರಬೇತೀಲಿ ಕೇಳಿದ್ರು, ನಿಮ್ಮನ್ನ ರೂಪಿಸಿದ ಒಂದು ಪಂದ್ಯದ ಬಗ್ಗೆ ಬರೀರಿ ಅಂತ. ಎಲ್ಲ ಗಂಡಸ್ರೂ ಪುಟಗಟ್ಟಲೆ ಬರೆದ್ರು. ನಾನು ಒಂದು ಸಾಲು ಬರೆಯೋಕಾಗದೆ ಎದ್ದು ಬಂದೆ. ಆವತ್ತೇ ಜೋಸಿಗೆ ಬರೆದೆ. ನಿನ್ನ ದನಿ ಕದ್ದವಳು ನಾನು ಅಂತ. ಅವಳು ಉತ್ತರಾನೂ ಬರೆದಳು, ಎರಡೇ ಸಾಲು. ಆಟ ಅದು, ನಂಗೆ ನಿನ್ನ ಮೇಲೆ ಏನಿಲ್ಲ, ತಂಗಿಗೆ ನಾನೇ ಹೇಳ್ತೀನಿ ಅಂತ.”

ನಾನು ಬಾಗಿಲಿನ ಹಿಡಿಯನ್ನು ಹಿಡಿದುಕೊಂಡೆ. ನನಗೆ ಸಿಟ್ಟು ಬೇಗ ಬರುತ್ತದೆ, ಊರಲ್ಲಿ ಎಲ್ಲರೂ ಹೇಳುತ್ತಾರೆ. ಅವಳ ಮೇಲೆ ಬರಬೇಕಾದ ಸಿಟ್ಟಿಗಾಗಿ ಕಾದೆ. ಬರಲಿಲ್ಲ. ಅವಳು ಮಾತಾಡುತ್ತಲೇ ಇದ್ದಳು. ಇಪ್ಪತ್ತೆರಡು ವಯಸ್ಸು, ಗೋದಾಮು, ಮನೆಯಲ್ಲಿ ಕುಡಿಯುವ ಅಪ್ಪ, ಪ್ಯಾರಿಸಿನ ಆ ಮನುಷ್ಯ ಇನ್ನೊಮ್ಮೆ ಈ ಕಡೆ ಬರುವವನಲ್ಲ. ಓಡಿದ್ದರೆ ಚೆಂಡು ಸಿಗುತ್ತಿರಲಿಲ್ಲ. ಆ ಕೂಗು ಬಾಯಿಗೆ ತಾನಾಗಿ ಬಂತು.

“ಮೂವತ್ತೊಂದು ಗೋಲ್ ಹೊಡೆದೆ ಕಣೇ ದೇಶಕ್ಕೆ. ಒಂದೊಂದು ಗೋಲಿಗೂ ಅನ್ಕೊಳ್ತಿದ್ದೆ, ಇದರಿಂದ ಅದು ತೀರ್ತು ಅಂತ. ತೀರ್ಲಿಲ್ಲ. ಆಮೇಲೆ ಕೋಚ್ ಆಗಿ ನೂರಾರು ಹುಡುಗೀರಿಗೆ ಹೆಸರು ಕೂಗು ಅಂತ ಕಲಿಸ್ದೆ. ಅದನ್ನ ಪದ್ಧತಿ ಅಂದ್ರು. ಹೊಡೀಬೇಕು ಅನ್ಸಿದ್ರೆ ಹೊಡಿ.”

“ನಿನ್ನ ಹೊಡೆದು ಏನ್ ಮಾಡ್ಲಿ? ಆ ಕುಂಟುಕಾಲಿಗೆ ನಾನೇ ಪಟ್ಟಿ ಕಟ್ಟಬೇಕು.”

“ಪೇಪರಿನೋರಿಗೆ ಹೇಳ್ತೀನಿ. ರಾಜೀನಾಮೆ ಕೊಡ್ತೀನಿ.”

“ಪೇಪರು ಬೇಡ. ಹುಡುಗೀರಿಗೆ ಹೇಳು. ಅವರಿಂದ ಹೆಸರು ಕೂಗಿಸ್ತೀಯಲ್ಲ, ಯಾಕೆ ಅಂತ ಅವರಿಗೆ ಗೊತ್ತಾಗ್ಲಿ.”

ಗುರುವಾರ ಅವಳು ಹೇಳಿದಳು ಕೂಡ. ಲೋವಾನ್ “ಗೋಲು ಲೆಕ್ಕಕ್ಕೆ ಬಂತಾ ಕೋಚ್?” ಎಂದಳು. “ಬಂತು,” ಎಂದಳು ಗಿಲೆನ್, “ಅದೇ ತೊಂದರೆ ಆಗಿದ್ದು.” ಆದರೆ ಅದು ಗುರುವಾರದ ಮಾತು. ಮಂಗಳವಾರ ಸಂಜೆ ಅವಳು ಕೋಟು ಹಾಕಿಕೊಳ್ಳುತ್ತಾ, “ಜೋಸಿ ಮನೆಗೆ ನಾನೂ ಬರ್ಲಾ? ನಾನೇ ಬಾಯಾರೆ ಹೇಳ್ತೀನಿ,” ಎಂದು ಕೇಳಿದಳು. ಬೇಡ ಎಂದೆ. ಅವಳು ಹೇಳಬೇಕಾದದ್ದನ್ನು ಹದಿನೆಂಟು ವರ್ಷದ ಹಿಂದೆಯೇ ಹೇಳಿ ಮುಗಿಸಿದ್ದಳು. ಉಳಿದದ್ದು ನನ್ನದು.

ಮರುದಿನ ಬುಧವಾರ, ಮಧ್ಯಾಹ್ನ ಶಾಲೆಗೆ ರಜೆ. ನಮ್ಮ ಬೀದಿಯ ಮನೆಗಳೆಲ್ಲ ಗಣಿ ಕಂಪನಿ ಕಟ್ಟಿಸಿದ ಒಂದೇ ಅಳತೆಯ ಇಟ್ಟಿಗೆ ಮನೆಗಳು. ಆರು ಮನೆ ದಾಟುವುದಕ್ಕೆ ಒಂದು ನಿಮಿಷ ಸಾಕು. ನಾನು ಎರಡು ಸಲ ವಾಪಸು ಬಂದೆ. ಸಿಟ್ಟು ಈಗ ಬಂದಿತ್ತು, ಬಂದದ್ದು ಅಕ್ಕನ ಮೇಲೆ. ಹದಿನೆಂಟು ವರ್ಷ ಆ ಪತ್ರವನ್ನು ಬಚ್ಚಿಟ್ಟು, ನಾನು ಅವಳನ್ನು ಸುಳ್ಳಿ ಎಂದುಕೊಂಡೇ ಬದುಕುವುದನ್ನು ಕಿಟಕಿಯಿಂದ ನೋಡುತ್ತಾ ಕೂತಿದ್ದಳಲ್ಲ! ಮೂರನೇ ಸಲ ಹೋಗಿ ಬಾಗಿಲು ಬಡಿದೆ.

ತೆಗೆದವಳು ಜೋಸಿಯೇ. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ಅಷ್ಟು ಹತ್ತಿರದಿಂದ ಅವಳ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಥೇಟು ಅಮ್ಮನಂತಾಗಿದ್ದಳು.

“ಎಮಿಲ್ ಹಿತ್ತಲಲ್ಲಿ ಪಾರಿವಾಳದ ಹತ್ರ ಇದ್ದಾನೆ,” ಎಂದಳು.

“ಎಮಿಲ್‌ನ ನೋಡೋಕೆ ಬಂದಿಲ್ಲ.”

“ಮತ್ತೆ?”

ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಬೈಗುಳವೆಲ್ಲ ಎಲ್ಲೋ ಹೋಯಿತು. “ನೀನು ಕೂಗಿರಲಿಲ್ಲ,” ಎಂದೆ.

ಅವಳು ಬಟ್ಟೆಯನ್ನು ಮಡಚಿದಳು. ಮತ್ತೊಮ್ಮೆ ಮಡಚಿದಳು.

“ಯಾರು ಹೇಳಿದ್ರು?”

ಸುಳ್ಳು ಹೇಳಬಹುದಿತ್ತು. ಯಾವ ಸುಳಿವೂ ಇಲ್ಲದೆ ನನಗೇ ಹೊಳೆಯಿತು, ನಾನೇ ಯೋಚಿಸಿದೆ ಎನ್ನಬಹುದಿತ್ತು. “ಗಿಲೆನ್,” ಎಂದೆ.

“ಹೂಂ. ಮೊದ್ಲು ನಿನ್ನ ಕಿವೀನ ನಂಬಿದೆ. ಆಮೇಲೆ ಆ ಹತ್ತು ಜನಾನ ನಂಬಿದೆ. ಈಗ ಅವಳನ್ನ ನಂಬಿದೆ. ನನ್ನ ಸರದಿ ಯಾವಾಗ ಬರುತ್ತೆ ಒದಿಲ್?”

“ಪತ್ರ ಬಂದಿತ್ತಂತೆ.”

“ಬಂದಿತ್ತು.”

“ಹದಿನೆಂಟು ವರ್ಷ, ಜೋಸಿ! ಆರು ಮನೆ ಆಚೆ ಇದ್ದೆ. ತಂದು ಮುಖದ ಮೇಲೆ ಎಸೆಯೋಕೆ ಏನಾಗಿತ್ತು ನಿನಗೆ?”

“ಎಸೆದಿದ್ರೆ ನೀನು ಪತ್ರಾನ ನಂಬ್ತಿದ್ದೆ. ನನ್ನಲ್ಲ.”

ಅವಳು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡಳು.

“ಬರ್ತಾಳೆ ಅಂತ ಕಾದೆ,” ಎಂದಳು. ದನಿ ಏರಿಸಲಿಲ್ಲ. “ಒಂದಲ್ಲ ಒಂದಿನ ಯೋಚನೆ ಮಾಡ್ತಾಳೆ, ಜೋಸಿ ಅಮ್ಮನಾಣೆ ಇಟ್ಟವಳು ಸುಳ್ಳು ಹೇಳಲ್ಲ ಅನ್ಕೊಳ್ತಾಳೆ, ಬರ್ತಾಳೆ ಅಂತ. ಅಮ್ಮ ಹೋದ ದಿನ ಆ ಪತ್ರಾನ ಕೋಟಿನ ಜೇಬಲ್ಲಿಟ್ಕೊಂಡು ಸ್ಮಶಾನಕ್ಕೆ ಬಂದಿದ್ದೆ. ಸಾಕು, ಕೊಟ್ಟುಬಿಡೋಣ ಅಂತ. ನೀನು ಗುಂಡಿಯ ಆ ಕಡೆ ನಿಂತಿದ್ದೆ. ಒಂದೇ ಒಂದು ಸಲ ಈ ಕಡೆ ನೋಡಿದ್ರೆ ಕೊಡ್ತಿದ್ದೆ.”

ನಾನು ನೋಡಿರಲಿಲ್ಲ. ಅವಳು ಈ ಕಡೆ ನೋಡಲಿ ಎಂದು ನಾನೂ ಕಾಯುತ್ತಿದ್ದೆ. ಅವಳು ತಪ್ಪು ಒಪ್ಪಿಕೊಂಡು ನನ್ನತ್ತ ನೋಡಲಿ ಎಂದು.

“ತಪ್ಪು ನಂದು ಜೋಸಿ,” ಎಂದೆ. “ಎಲ್ಲ ನಂದೇ. ಬೇಕರೀಲಿ ನಕ್ಕಿದ್ದೂ ಸೇರಿಸಿ.”

ಹಿತ್ತಲಿನಲ್ಲಿ ಎಮಿಲ್ ಪಾರಿವಾಳಗಳಿಗೆ ಸಿಳ್ಳೆ ಹಾಕುತ್ತಿದ್ದ.

“ಬಾಗಿಲು ಹಾಕು, ಚಳಿ ಬರ್ತಿದೆ,” ಎಂದಳು.

ನಾನು ಹಿಂದೆ ಸರಿದು ಹಿಡಿಗೆ ಕೈ ಹಾಕಿದೆ.

“ಒಳಗಿನಿಂದ ಹಾಕು ಕಣೇ, ದಡ್ಡಿ.”

ಅಡುಗೆಮನೆಯ ಮೇಜು ಅಮ್ಮನದೇ. ಅದು ಇವಳ ಪಾಲಿಗೆ ಬಂದದ್ದು ನನಗೆ ಗೊತ್ತಿತ್ತು. ಜೋಸಿ ಚಿಕೋರಿ ಕಾಫಿಯ ಪಾತ್ರೆಯನ್ನು ಒಲೆಯ ಮೇಲಿಟ್ಟು, ನನ್ನ ಮುಂದೆ ಒಂದು ಬಟ್ಟಲು ಇಟ್ಟಳು. ಅವಳು ಕೂರಲಿಲ್ಲ. ಒಲೆಯ ಪಕ್ಕ ನಿಂತೇ ಇದ್ದಳು.

“ಇನ್ನೊಂದಿದೆ,” ಎಂದಳು. “ಇದು ಪತ್ರದಲ್ಲಿಲ್ಲ. ಗಿಲೆನ್‌ಗೆ ಗೊತ್ತಿಲ್ಲ. ಎಮಿಲ್‌ಗೂ ಹೇಳಿಲ್ಲ. ಆವತ್ತು ನೀನು ಬಿಟ್ಟ ಮೇಲೂ ಆ ಚೆಂಡು ನನಗೆ ಸಿಗ್ತಿತ್ತು. ನಾನು ಮುಂದೆ ನುಗ್ಗೋಕೆ ಹೊರಟಿದ್ದೆ. ಕಾಲು ಜಾರ್ತು. ಕೆಸರು.”

ನಾನು ಬಟ್ಟಲನ್ನು ಎತ್ತಲು ಹೋದವಳು ಅಲ್ಲೇ ಬಿಟ್ಟೆ.

ತೊಂಬತ್ತೆರಡರ ಆ ಆಟದ ಭಾನುವಾರ ನೆಲ ಹೆಪ್ಪುಗಟ್ಟಿ ನಾಲ್ಕು ದಿನವಾಗಿತ್ತು. ಆಟ ನಡೆಸಬೇಕೋ ಬೇಡವೋ ಎಂದು ರೆಫರಿ ಹಿಮ್ಮಡಿಯಿಂದ ಮೈದಾನವನ್ನೆಲ್ಲ ಕುಟ್ಟಿ ನೋಡಿದ್ದ. ಅದು ಸಿಮೆಂಟಿನಷ್ಟು ಗಟ್ಟಿ. ನನ್ನ ಮೊಣಕಾಲಿನ ಚರ್ಮ ಕಿತ್ತುಬಂದು ಮಾಯಲು ಒಂದು ತಿಂಗಳು ಹಿಡಿಯಿತು. ಕೆಸರು ಎಲ್ಲಿಂದ ಬರಬೇಕು? ಅದೂ ಅಲ್ಲದೆ ನಾನು ತಿರುಗಿ ನೋಡಿದ್ದೆ. ಅವಳು ಗೆರೆಯ ಮೇಲೆ ಎರಡೂ ಕಾಲೂರಿ ನಿಂತಿದ್ದಳು, ಪ್ಯಾರಿಸಿನವನು ನೋಡುತ್ತಿದ್ದಾನೆಂಬ ಹೆದರಿಕೆಯಲ್ಲಿ ಕದಲದೆ. ಇದೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನನ್ನ ನಾಲಿಗೆ ಇಂಥದ್ದನ್ನು ಯಾವತ್ತೂ ತಡೆದುಕೊಂಡದ್ದಲ್ಲ.

ಜೋಸಿ ನನ್ನ ಕಣ್ಣನ್ನು ನೋಡುತ್ತಿರಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು.

“ಜಾರಿರಬೇಕು,” ಎಂದೆ.

“ಜಾರಿರಬೇಕು ಅಲ್ಲ. ಜಾರ್ತು.”

“ಜಾರ್ತು,” ಎಂದೆ.

“ಕೆಸರಿತ್ತು.”

“ಇತ್ತು ಜೋಸಿ. ಮೊಣಕಾಲುದ್ದ ಕೆಸರು.”

ಅವಳು ಕುರ್ಚಿ ಎಳೆದು ನನ್ನ ಎದುರಿಗೆ ಕೂತಳು. ಕಣ್ಣು ತುಂಬಿತ್ತು.

“ಅಷ್ಟೊಂದೇನೂ ಇರ್ಲಿಲ್ಲ,” ಎಂದಳು.